ಉಪ್ಪಿಲ್ಲದ ಕವಳಿಕಾಯಿ ತೊಕ್ಕು

ಅವ್ವನನ್ನು ಆಸ್ಪತ್ರೆಯಿಂದ ಬಿಡುವ ದಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ತೆಲುಗಿನಲ್ಲಿ ನಿಧಾನವಾಗಿ ಹೇಳಿದರು. ಅವಳ ಎದೆಗೆ ಬಲ ಕಡಿಮೆಯಾಗಿದೆ. ಉಪ್ಪು ತಿಂದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಕಾಲು ಬಾಯುತ್ತವೆ, ಉಸಿರು ಕಟ್ಟುತ್ತದೆ. ಮಾತ್ರೆ ಎಷ್ಟು ಮುಖ್ಯವೋ ಉಪ್ಪು ಬಿಡುವುದೂ ಅಷ್ಟೇ ಮುಖ್ಯ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಮುಖ ನೋಡಕೂಡದು. ಅವ್ವ ಪಕ್ಕದ ಬೆಂಚಿನ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡಳು. ಹೊರಗೆ ಆಟೋ ಹತ್ತುವಾಗ, "ಅಂವಗೇನು, ಹೇಳಿ ಮನೀಗಿ ಹೋಗಿ ಉಪ್ಪು ಹಾಕ್ಕೊಂಡು ಉಣ್ಣತಾನ" ಎಂದಳು.

ಅವ್ವ ಇರುವುದು ಚಿಪ್ಪಗಿರಿ ಕಡೆಯ ನಮ್ಮ ಹಳ್ಳಿಯಲ್ಲಿ, ನನ್ನ ಅಣ್ಣನ ಸಂಸಾರದ ಜೊತೆ. ಅಣ್ಣ ಕುರಿ ಸಾಕುತ್ತಾನೆ. ಆಸ್ಪತ್ರೆಗೆ ಹತ್ತಿರ ಇರಲಿ ಎಂದು ಕೆಲವು ತಿಂಗಳು ಅವಳನ್ನು ಆದವಾನಿಯ ನನ್ನ ಮನೆಯಲ್ಲೇ ಇಟ್ಟುಕೊಳ್ಳುವುದೆಂದು ಇಬ್ಬರೂ ಮಾತಾಡಿಕೊಂಡೆವು. ನಾನು ಹತ್ತಿ ಜಿನ್ನಿಂಗ್ ಮಿಲ್ಲೊಂದರಲ್ಲಿ ಯಂತ್ರ ನೋಡಿಕೊಳ್ಳುವವನು. ಹತ್ತಿ ಬರುವುದು ನಿಂತರೆ ಮಿಲ್ಲು ಮುಚ್ಚುತ್ತದೆ. ಮಳೆಗಾಲವೆಲ್ಲ ನನಗೆ ಕೆಲಸವಿರುವುದಿಲ್ಲ. ಹೆಂಡತಿ ಅಂಗನವಾಡಿ ಟೀಚರು, ಬೆಳಿಗ್ಗೆ ಹೋದರೆ ಮಧ್ಯಾಹ್ನ ಇಳಿದ ಮೇಲೆಯೇ ಬರುವುದು. ಹೀಗಾಗಿ ಅವ್ವನೂ ಅಡಿಗೆಮನೆಯೂ ಒಟ್ಟಿಗೆ ನನ್ನ ಕೈಗೆ ಬಂದವು.

ನನಗೆ ಅನ್ನ, ಬೇಳೆ, ಚಹಾ ಮಾಡಲು ಬರುತ್ತಿತ್ತು. ರೊಟ್ಟಿ ಬಡಿಯುವುದನ್ನು ಹೆಂಡತಿ ಬೆಳಿಗ್ಗೆಯೇ ಮುಗಿಸಿ ಹೋಗುತ್ತಿದ್ದಳು. ಮೊದಲನೆಯ ದಿನ ಉಪ್ಪಿಲ್ಲದ ತೊಗರಿಬೇಳೆಯನ್ನು ರೊಟ್ಟಿಯ ಜೊತೆ ಮುಂದಿಟ್ಟೆ. ಅವ್ವ ಒಂದು ತುತ್ತು ಬಾಯಿಗಿಟ್ಟು ಹೊರಳಿಸಿದಳು. ನುಂಗಲು ಬಹಳ ಹೊತ್ತು ಹಿಡಿಯಿತು.

"ಹೆಂಗೈತವ್ವಾ?"

"ನಮ್ಮ ಕುರಿ ಮುಂದ ಇಡು. ಅವೂ ಮೂಸಿ ನೋಡಿ ಹೋಗತಾವು" ಎಂದು ತಟ್ಟೆ ಸರಿಸಿದಳು.

ಜೀವಮಾನವೆಲ್ಲ ಜೋಳದ ರೊಟ್ಟಿಯ ಮೇಲೆ ಕೆಂಪು ಖಾರ ಇಟ್ಟುಕೊಂಡು ಉಂಡವಳು ಅವಳು. ಹೊಲಕ್ಕೆ ಹೋಗುವಾಗ ಬುತ್ತಿಯಲ್ಲಿ ಬೇರೇನಿಲ್ಲದಿದ್ದರೂ ನಿಂಬೆಕಾಯಿ ಉಪ್ಪಿನಕಾಯಿಯ ಒಂದು ಹೋಳು ಇರುತ್ತಿತ್ತು. ಮೂರು ದಿನ ನಾನು ಬೇಳೆ, ಸೊಪ್ಪು, ಬದನೆಕಾಯಿ ಎಂದು ಬದಲಾಯಿಸುತ್ತ ಹೋದೆ. ಅವಳು ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ನಾಲ್ಕನೆಯ ದಿನ ಎದ್ದು ನಿಲ್ಲುವಾಗ ಗೋಡೆ ಹಿಡಿದಳು. ಕಾಯಿಲೆಗಿಂತ ಮೊದಲು ಹಸಿವೇ ಇವಳನ್ನು ಕೆಡವುತ್ತದೆ ಎಂದು ನನಗೆ ಹೆದರಿಕೆಯಾಯಿತು. ಮತ್ತೆ ಆಸ್ಪತ್ರೆಗೆ ಹೋಗಿ, ಹುಳಿ ತಿನ್ನಬಹುದೇ ಎಂದು ಕೇಳಿದೆ. ಡಾಕ್ಟರು, ಹುಳಿಗೆ ಅಡ್ಡಿಯಿಲ್ಲ, ಖಾರ ಹಿತವಾಗಿರಲಿ, ಉಪ್ಪು ಮಾತ್ರ ಬೇಡ ಎಂದರು. ಅಲ್ಲಿಂದ ನೇರ ತರಕಾರಿ ಮಾರ್ಕೆಟ್ಟಿಗೆ ನಡೆದೆ. ಉಪ್ಪಿಲ್ಲದ ಉಪ್ಪಿನಕಾಯಿ ಮಾಡಿಯೇ ತೀರುತ್ತೇನೆ ಎಂದುಕೊಂಡಿದ್ದೆ. ಎಷ್ಟು ದಿನ ಹಿಡಿಯುತ್ತದೆಂದು ಆಗ ಗೊತ್ತಿರಲಿಲ್ಲ.

ಮೊದಲು ಕಲಿತದ್ದು ಉಪ್ಪು ಬರೀ ರುಚಿಗಲ್ಲ ಎಂಬುದನ್ನು. ನಿಂಬೆಹಣ್ಣು ಹೆಚ್ಚಿ, ಖಾರದಪುಡಿ, ಮೆಂತ್ಯದಪುಡಿ ಕಲಸಿ ಗಾಜಿನ ಭರಣಿಯಲ್ಲಿ ಹಾಕಿ ಮಾಳಿಗೆಯ ಬಿಸಿಲಿಗಿಟ್ಟೆ. ಮೂರನೆಯ ದಿನ ಮುಚ್ಚಳ ತೆಗೆದರೆ ಮೇಲೆಲ್ಲ ಬೆಳ್ಳಗೆ ಬೂಸು ಹಿಡಿದಿತ್ತು. ಭರಣಿ ತೊಳೆದು ಮತ್ತೆ ನಿಂಬೆ ತಂದೆ. ಈ ಸಲ ಬೂಸು ಬರಬಾರದೆಂದು ಹೋಳುಗಳನ್ನು ಬೆಲ್ಲದ ಜೊತೆ ಗಟ್ಟಿಯಾಗಿ ಕುದಿಸಿದೆ. ಅದು ಬೇವಿನ ಕಷಾಯದಷ್ಟು ಕಹಿಯಾಯಿತು. ಹೆಂಡತಿ ನಾಲಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದಳು.

"ಇದನ್ನ ಅತ್ತಿಯವರಿಗಿ ಕೊಡಬ್ಯಾಡ್ರಿ. ಇದಕ್ಕಿಂತ ಸಪ್ಪನ ಬ್ಯಾಳಿನ ಪಾಡು" ಎಂದಳು.

ಮಾರ್ಕೆಟ್ಟಿನ ಬಾಗಿಲಲ್ಲಿ ಗೋಣಿತಟ್ಟು ಹಾಸಿ ನಿಂಬೆಹಣ್ಣು ಮಾರುವ ಹೆಂಗಸೊಬ್ಬಳಿದ್ದಳು. ವಾರದಲ್ಲಿ ನಾಲ್ಕನೆಯ ಸಲ ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತಾಗ, "ಏಮನ್ನಾ, ಅಂಗಡಿ ಪೆಟ್ಟಿನಾವಾ?" ಎಂದು ನಕ್ಕಳು. ಅಂಗಡಿ ಇಟ್ಟಿಲ್ಲಮ್ಮಾ, ಹೀಗೀಗೆ ಎಂದು ಅವ್ವನ ಸಂಗತಿ ಹೇಳಿದೆ. ಅವಳು ನಾನು ಆರಿಸಿದ ಹಣ್ಣುಗಳನ್ನೆಲ್ಲ ಬುಟ್ಟಿಗೆ ವಾಪಸ್ಸು ಸುರಿದಳು. ತೆಲುಗು, ಕನ್ನಡ ಎರಡನ್ನೂ ಕಲಸಿಕೊಂಡು ಪಾಠ ಶುರುಮಾಡಿದಳು.

"ತೋಲು ದಪ್ಪ ಇದ್ರ ಚೇದು ಬರತೈತಿ ಅಣ್ಣಾ. ಇದು ನೋಡು, ಪೂರ್ತಿ ಹಳದಿ, ತೆಳ್ಳಗ ಕಾಗದದಂಗ ಐತಿ. ಇಡೀ ಹಣ್ಣು ಬಿಸಿನೀರಾಗ ಒಂದು ಕುದಿ ಕುದಿಸು, ಆ ನೀರು ಚೆಲ್ಲು. ಆರಿದ ಮ್ಯಾಲೆ ಹೆಚ್ಚು. ಒಂದು ಬೀಜನೂ ಬಿಡಬ್ಯಾಡ, ಚೇದೆಲ್ಲ ಬೀಜದಾಗ ಇರತೈತಿ."

ತೋಲು ಎಂದರೆ ಸಿಪ್ಪೆ, ಚೇದು ಎಂದರೆ ಕಹಿ. ಅವಳು ಹೇಳಿದಂತೆಯೇ ಮಾಡಿದೆ. ಕಹಿ ಹೋಯಿತು. ಹೋಳು ಮೆತ್ತಗಾಗಿ, ಬೆಲ್ಲದ ಪಾಕ ಹೀರಿ, ಜೇನಿನ ಬಣ್ಣಕ್ಕೆ ತಿರುಗಿತು. ಅವ್ವ ಅದನ್ನು ಹಚ್ಚಿಕೊಂಡು ಅರ್ಧ ರೊಟ್ಟಿ ತಿಂದಳು. ಮರುದಿನ ಒಂದು ರೊಟ್ಟಿ. ಅದರ ಮರುದಿನ ಒಂದೂವರೆ! ನಾನು ಗೆದ್ದೆನೆಂದುಕೊಂಡೆ. ಎದುರುಮನೆಯವರನ್ನು ಕರೆದು ಬಣ್ಣ ತೋರಿಸಿದೆ ಕೂಡ.

ವಾರ ಕಳೆಯುವಷ್ಟರಲ್ಲಿ ಅವ್ವನ ಕಾಲು ಮತ್ತೆ ಬಾತವು. ಕಣಕಾಲಿನ ಮೇಲೆ ಬೆರಳೊತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಮಾತ್ರೆಗಳನ್ನು ಎಣಿಸಿ ನೋಡಿದೆ, ಸರಿಯಾಗಿಯೇ ನುಂಗಿದ್ದಳು. ಆ ದಿನ ಅವಳ ಸೀರೆ ಒಗೆಯಲು ಬಕೆಟ್ಟಿಗೆ ಹಾಕುವಾಗ ಸೆರಗಿನ ತುದಿಯಲ್ಲಿ ಗಂಟು ಕಂಡಿತು. ಬಿಚ್ಚಿದರೆ ಒಳಗೆ ಕಲ್ಲುಪ್ಪು. ಆಮೇಲೆ ತಿಳಿಯಿತು, ನಾನು ಅಡಿಗೆಮನೆಯಲ್ಲಿರುವಾಗ ಹಿತ್ತಲ ಬಾಗಿಲಿಂದ ಪಕ್ಕದ ಮನೆಯವರನ್ನು ಕೇಳಿ ಇಸಕೊಂಡಿದ್ದಳು. ರೊಟ್ಟಿಯ ಮೇಲೆ ನನ್ನ ನಿಂಬೆಯ ಹೋಳಿನ ಕೆಳಗೆ ಅದನ್ನು ಇಟ್ಟುಕೊಂಡು ತಿನ್ನುತ್ತಿದ್ದಳು.

ಗಂಟು ಹಿಡಿದುಕೊಂಡು ಅವಳ ಮುಂದೆ ನಿಂತೆ. ಎತ್ತರದ ದನಿಯಲ್ಲಿ ಅವಳ ಜೊತೆ ನಾನು ಎಂದೂ ಮಾತಾಡಿದವನಲ್ಲ. ಅವತ್ತು ಮಾತಾಡಿದೆ.

"ಸಾಯಾಕಂತನ ತಿಂತೀಯೇನು? ಹೇಳಿಬಿಡು. ನಾ ಒಲಿ ಮುಂದ ಯಾಕ ಕುಂದರಲಿ?"

ಅವ್ವ ತಲೆ ತಗ್ಗಿಸಲಿಲ್ಲ. "ನಾ ಹೊಲದಾಗ ಬೆವರು ಹರಿಸಿದಷ್ಟು ಉಪ್ಪು ಆ ಡಾಕ್ಟರು ಕಣ್ಣಲೆ ಕಂಡಿಲ್ಲ. ಈಗ ನನಗ ಒಂದು ಹರಳು ಇಲ್ಲೇನು?"

"ಇಲ್ಲ."

"ಇಲ್ಲ ಅನ್ನಾಕ ನೀ ಯಾರು?"

"ನಿನ್ನ ಮಗ. ಇವತ್ತಿನಿಂದ ನಾನೂ ಉಪ್ಪು ಬಿಟ್ಟೀನಿ. ನೀ ಉಣ್ಣೋದನ್ನ ನಾನೂ ಉಣ್ಣತೀನಿ."

ಅದನ್ನು ಹೇಳಬೇಕೆಂದು ಮೊದಲೇ ಎಣಿಸಿರಲಿಲ್ಲ. ಸಿಟ್ಟಿನಲ್ಲಿ ಬಂದ ಮಾತು. ಆದರೆ ಹೇಳಿದ ಮೇಲೆ ಉಳಿಸಿಕೊಂಡೆ. ಮಾರನೆಯ ದಿನ ಅವಳನ್ನು ಡಾಕ್ಟರ ಬಳಿ ಕರೆದೊಯ್ದು, ಬೈಸಿಕೊಂಡು, ಬದಲಾದ ಮಾತ್ರೆ ತಂದೆ. ನನ್ನ ತಟ್ಟೆಯನ್ನೂ ಅವಳ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡೆ. ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಉಪ್ಪಿಲ್ಲದ ಊಟ ಎಂಥದು ಎಂದು ನನಗೆ ಆಗ ಗೊತ್ತಾಯಿತು. ನಾಲಗೆ ಏನನ್ನೋ ಹುಡುಕುತ್ತದೆ, ಸಿಗುವುದಿಲ್ಲ. ಎರಡನೆಯ ತುತ್ತಿಗೇ ಹಸಿವು ಸತ್ತುಹೋಗುತ್ತದೆ. ಬೆಲ್ಲ ಹಾಕಿದ ನನ್ನ ನಿಂಬೆಹಣ್ಣು ಮೊದಲ ದಿನ ಚೆನ್ನಾಗಿತ್ತು, ಮೂರನೆಯ ದಿನ ಸಿಹಿ ತಿಂಡಿಯಂತೆ ಮುಖಕ್ಕೆ ಹೊಡೆಯಿತು. ನಾನು ಗೆದ್ದಿರಲೇ ಇಲ್ಲ. ಅವಳು ಉಪ್ಪು ಕದ್ದು ತಿಂದದ್ದರಲ್ಲಿ ಆಶ್ಚರ್ಯವೇನೂ ಉಳಿಯಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ನಾನು ಸಪ್ಪೆ ರೊಟ್ಟಿ ಅಗಿಯುವುದನ್ನು ನೋಡುತ್ತ ಅವ್ವ ತಾನಾಗಿ ಬಾಯಿಬಿಟ್ಟಳು.

"ಸಣ್ಣಾಕಿದ್ದಾಗ ಗುಡ್ಡಕ್ಕ ಕುರಿ ಹೊಡಕೊಂಡು ಹೋಗತಿದ್ದೆ. ಕವಳಿಕಾಯಿ ಹರಕೊಂಡು ಬಾಯಿ ತುಂಬ ತಿಂತಿದ್ವಿ. ಗುಡ್ಡದಾಗ ಉಪ್ಪು ಎಲ್ಲಿಂದ ಬರಬೇಕು? ಇಲ್ಲದನ ತಿಂತಿದ್ವಿ."

ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. "ಈಗ ಕವಳಿ ಕಾಯಿ ಬಿಟ್ಟಿರತೈತೇನು?"

"ಮಳಿ ಆಗೈತಿ. ಬಿಟ್ಟಿರತೈತಿ. ನಿನ್ನ ನಿಂಬಿಹಣ್ಣಿಗಿ ಹುಳಿ ಐತಿ, ಒಗರಿಲ್ಲ. ಕವಳಿಗಿ ಎರಡೂ ಅದಾವು. ಹಲ್ಲು ಹಿಡಕೊಳ್ಳತೈತಿ."

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಬಸ್ಸಿಳಿದು ಶೇರ್ ಆಟೋ ಹಿಡಿದು ಊರು ಮುಟ್ಟಿದೆ. ಅಣ್ಣ ಕುರಿಗಳನ್ನು ಗುಡ್ಡದತ್ತ ಬಿಟ್ಟಿದ್ದ. ಅವನ ಹಿಂದೆಯೇ ಹೋದೆ. ಕವಳಿಯ ಗಿಡಗಳು ಬಂಡೆಗಳ ಸಂದಿಯಲ್ಲಿ ಮುಳ್ಳು ಚಾಚಿಕೊಂಡು ನಿಂತಿದ್ದವು. ಕೆಲವು ಕಾಯಿ ಹಸಿರು, ಕೆಲವಕ್ಕೆ ಒಂದು ಮಗ್ಗುಲು ಕೆಂಪು. ಕಿತ್ತರೆ ತೊಟ್ಟಿನಿಂದ ಬಿಳಿ ಹಾಲು ಸುರಿದು ಬೆರಳು ಅಂಟಂಟಾಗುತ್ತಿತ್ತು. ಅಣ್ಣ ಸ್ವಲ್ಪ ಹೊತ್ತು ನೋಡಿದ. ಮಿಲ್ಲಿನ ಕೈ ಮುಳ್ಳಿಗೆ ಬರುವುದಿಲ್ಲ ಎಂದು ಹಾಸ್ಯ ಮಾಡಿ, ತಾನೂ ಕೋಲಿನಿಂದ ಕೊಂಬೆ ಬಗ್ಗಿಸಿ ಹಿಡಿದ. ಮೊಣಕೈವರೆಗೆ ಗೀರುಗಳಾದವು. ಚೀಲ ತುಂಬುವವರೆಗೆ ಬಿಡಲಿಲ್ಲ.

ಮನೆ ಮುಟ್ಟಿದಾಗ ರಾತ್ರಿಯಾಗಿತ್ತು. ಮರುದಿನ ಚೀಲವನ್ನು ಅವ್ವನ ಮುಂದೆ ಸುರಿದಾಗ ಅವಳು ಮೊದಲು ಒಂದು ಕಾಯಿ ಕಚ್ಚಿದಳು. ಮುಖವೆಲ್ಲ ಕಿವಿಚಿಕೊಂಡಿತು, ಒಂದು ಕಣ್ಣು ಮುಚ್ಚಿತು. ಆಮೇಲೆ ಇನ್ನೊಂದು ಕಚ್ಚಿದಳು. ಮಣೆ ತರಿಸಿ, ಗೋಡೆಗೆ ಒರಗಿ ಕುಳಿತು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಬಾರಿಗೆ ನನಗೆ ಕೆಲಸ ಹೇಳತೊಡಗಿದಳು.

"ಕೈಗಿ ಎಣ್ಣಿ ಹಚ್ಚಿಕೋ, ಹಾಲು ಅಂಟಂಗಿಲ್ಲ. ಸೀಳಿ ಬೀಜ ತೆಗಿ. ಮೂರು ನೀರು ತೊಳಿ. ಹೂಂ, ಇನ್ನೊಂದು ನೀರು."

ಕಾಯಿಗಳನ್ನು ಸೇಂಗಾ ಎಣ್ಣೆಯಲ್ಲಿ ಬಾಡಿಸಿದೆ. ಅವ್ವ ಬೆಳ್ಳುಳ್ಳಿ ಸುಲಿದಳು. ಸಾಸಿವೆ, ಮೆಂತ್ಯ ಹುರಿಯುವಾಗ ವಾಸನೆಯಲ್ಲೇ ಹದ ಹೇಳಿದಳು: "ಇಳಿಸು, ಕರ್ರಗಾದ್ರ ಕಹಿ." ಬೆಲ್ಲದ ಡಬ್ಬಿಗೆ ಕೈ ಹಾಕಿದೆ. ಅವಳು ಬೇಡವೆಂದು ತಡೆದು, ಗುರೆಳ್ಳು ಹುರಿದು ಕುಟ್ಟಿಸಿದಳು. ಗುರೆಳ್ಳಿನ ಜಿಡ್ಡು ಹುಳಿಯನ್ನು ಹಿಡಿದು ನಿಲ್ಲಿಸುತ್ತದೆಂದು ಅವಳ ಲೆಕ್ಕ. ಬೆಲ್ಲ ಹಾಕಿದ್ದು ಗೋಲಿಯಷ್ಟು ಮಾತ್ರ. ಬಾಡಿದ ಕಾಯಿಗೆ ಖಾರದಪುಡಿ ಬಿದ್ದಾಗ ಎಲ್ಲ ಕಡುಗೆಂಪಾಗಿ, ಎಣ್ಣೆ ಬಿಟ್ಟುಕೊಂಡು ಕೊತಕೊತ ಎಂದಿತು. ಕೊನೆಗೆ ಒಂದು ನಿಂಬೆಹಣ್ಣಿನ ರಸ ಹಿಂಡಿಸಿದಳು.

ಅಷ್ಟು ಹೊತ್ತಿಗೆ ಹೆಂಡತಿ ಅಂಗನವಾಡಿಯಿಂದ ಬಂದಳು. ಮೂವರೂ ಒಟ್ಟಿಗೆ ಉಂಡೆವು. ಅವ್ವ ರೊಟ್ಟಿ ಮುರಿದು ತೊಕ್ಕಿನಲ್ಲಿ ಅದ್ದಿ ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ ನನ್ನ ಕಡೆ ಅನುಮಾನದಿಂದ ನೋಡಿದಳು.

"ಉಪ್ಪು ಹಾಕೀಯೇನು?"

"ಇಲ್ಲವ್ವಾ. ನಿನ್ನ ಕಣ್ಣೆದುರಿಗೇ ಮಾಡೀನಿ."

"ನನ್ನ ಮ್ಯಾಲೆ ಆಣಿ?"

"ನಿನ್ನ ಆಣಿ."

ಎರಡು ರೊಟ್ಟಿ ತಿಂದಳು. ಮೂರನೆಯದನ್ನು ಹೆಂಡತಿ ಹಾಕಲು ಹೋದಾಗ ಬೇಡವೆನ್ನಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಕೈ ತೊಳೆಯುವ ನೆಪದಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಗೀರು ಬಿದ್ದ ಕೈಗೆ ಖಾರ ತಾಗಿ ಉರಿಯುತ್ತಿತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ಕಾರಣ ಎಂದುಕೊಂಡೆ.

ತೊಕ್ಕಿಗೆ ಆಯುಸ್ಸು ಕಡಿಮೆ. ಉಪ್ಪಿಲ್ಲದ್ದರಿಂದ ಫ್ರಿಜ್ಜಿನಲ್ಲಿಟ್ಟರೂ ನಾಲ್ಕೈದು ದಿನಕ್ಕಿಂತ ಹೆಚ್ಚು ಇಡಲು ನಮಗೆ ಧೈರ್ಯವಿರಲಿಲ್ಲ. ಹಾಗಾಗಿ ಸ್ವಲ್ಪ ಸ್ವಲ್ಪವೇ ಮಾಡುತ್ತಿದ್ದೆವು. ಕವಳಿಕಾಯಿ ಮುಗಿಯುವವರೆಗೆ ಅಣ್ಣ ಆಗಾಗ ಬಸ್ಸಿನಲ್ಲಿ ಚೀಲ ಕಳಿಸಿದ. ನಡುವೆ ಮಾವಿನಕಾಯಿ ಒಣಹೋಳು, ನೆಲ್ಲಿಕಾಯಿ, ಹುಣಸೆ ಚಿಗುರು ಎಲ್ಲವನ್ನೂ ಪರೀಕ್ಷೆ ಮಾಡಿದೆವು. ಕೆಲವು ಕೆಟ್ಟವು. ನೆಲ್ಲಿಕಾಯಿಯದಂತೂ ಇಬ್ಬರಿಗೂ ಬಾಯಿಗಿಡಲಾಗಲಿಲ್ಲ. ಕೆಟ್ಟದ್ದನ್ನು ಚೆಲ್ಲಿ ಮತ್ತೆ ಕೂತೆವು. ಎಷ್ಟೋ ದಿನ ಅವ್ವನಿಗೆ ಉಪ್ಪಿನ ಆಸೆ ಹತ್ತಿ ಸಿಡಿಮಿಡಿಗೊಳ್ಳುತ್ತಿದ್ದಳು. ಆಗ ನನ್ನ ತಟ್ಟೆ ನೋಡಿ ರೊಟ್ಟಿ ಮುರಿಯುತ್ತಿದ್ದಳು. ಪಕ್ಕದ ಮನೆಯವರು ತಾವೇ ಬಂದು, ಗೊತ್ತಿಲ್ಲದೆ ಕೊಟ್ಟೆವು ಎಂದು ಹೇಳಿಕೊಂಡರು. ಅವ್ವ ಅವರಿಗೇ ಒಂದು ಬಟ್ಟಲು ತೊಕ್ಕು ಹಾಕಿಕೊಟ್ಟು ಕಳಿಸಿದಳು.

ದಸರೆಯ ಹೊತ್ತಿಗೆ ಕಾಲಿನ ಬಾವು ಪೂರ್ತಿ ಇಳಿದಿತ್ತು. ಪರೀಕ್ಷೆಗೆ ಕರೆದುಕೊಂಡು ಹೋದಾಗ ಡಾಕ್ಟರು ಕಣಕಾಲು ಒತ್ತಿ ನೋಡಿ, ಉಪ್ಪು ನಿಜವಾಗಿಯೂ ಬಿಟ್ಟಿದ್ದೀಯಾ ಅಮ್ಮಾ ಎಂದು ತೆಲುಗಿನಲ್ಲಿ ಕೇಳಿದರು. ಅವ್ವ ಕೈಚೀಲದಿಂದ ಸ್ಟೀಲಿನ ಸಣ್ಣ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಅದನ್ನು ತಂದಿದ್ದಾಳೆಂದು ನನಗೂ ಗೊತ್ತಿರಲಿಲ್ಲ. "ತಿನಿ ಚೂಡು ಸಾರೂ" ಎಂದಳು, ತಿಂದು ನೋಡು ಎಂದು. ಡಾಕ್ಟರು ಬೆರಳ ತುದಿಯಲ್ಲಿ ತೆಗೆದು ಚಪ್ಪರಿಸಿದರು. ಮುಖ ಕಿವಿಚಿ ನಕ್ಕರು. ಮತ್ತೊಮ್ಮೆ ಬೆರಳು ಹಾಕಿದರು. ಔಷಧದಲ್ಲಿ ಒಂದು ಮಾತ್ರೆ ಅರ್ಧಕ್ಕೆ ಇಳಿಯಿತು. ಊರಿಗೆ ಹೋಗಬಹುದೆಂದೂ ಹೇಳಿದರು.

ಹೊಸ ಹತ್ತಿ ಬಂದು ಮಿಲ್ಲು ಶುರುವಾಗುವ ವಾರವೇ ಅವ್ವನನ್ನು ಊರಿಗೆ ಬಿಟ್ಟುಬಂದೆ. ನನಗೊಂದೇ ಅಂಜಿಕೆ: ಅಲ್ಲಿ ಆರೇಳು ಮಂದಿಗೆ ಒಂದೇ ಪಾತ್ರೆಯ ಅಡಿಗೆ, ಇವಳಿಗೆ ಯಾರು ಬೇರೆ ತೆಗೆದಿಡುತ್ತಾರೆ? ಪುಷ್ಯಮಾಸದ ಒಂದು ಬೆಳಿಗ್ಗೆ ಫೋನು ಮಾಡಿ ವಿಚಾರಿಸಿದೆ. ಅವ್ವನಿಗೆ ಮಾತಾಡಲು ಬಿಡುವಿರಲಿಲ್ಲ.

"ಉಪ್ಪಿಲ್ಲದ ತೊಕ್ಕಿಗಿ ಬಾರಿಹಣ್ಣು ಬಂದಾವಪ್ಪಾ, ಚೀಲಗಟ್ಟಲೆ. ಬೀಜ ತೆಗೆಯೋದು ಯಾರು, ಹಂಗ ಕುಟ್ಟೋಣು ಅಂತಾಳ ನಿಮ್ಮತ್ತಿಗಿ. ನಾ ಒಪ್ಪಿಲ್ಲ. ಎಲ್ಲಾರನೂ ಅಂಗಳದಾಗ ಕುಂದರಿಸಿ ತೆಗೆಸಾಕ ಹತ್ತೀನಿ. ಫೋನ್ ಇಡು, ಇವರು ನಾ ಮಾತಾಡೋದು ನೋಡಿ ಕೈ ನಿಲ್ಲಿಸ್ಯಾರ."