ಹೊಂಬಾಳಕ್ಕನ ಗೂಡಿನಲ್ಲಿದ್ದ ಮಾಟ

ನಮ್ಮಕ್ಕ ಹೊಂಬಾಳಮ್ಮನಿಗೆ ಐದನೆಯ ಹೆರಿಗೆಯಲ್ಲಿ ರಕ್ತ ನಿಲ್ಲಲೇ ಇಲ್ಲ. ಹಲಗೂರಿನ ಸೂಲಗಿತ್ತಿ ಅಂಕಮ್ಮ ಬಟ್ಟೆ ಹಿಂಡುತ್ತ ಅಂದಳು: "ಇನ್ನೊಂದು ಬಸುರಾದ್ರೆ ಇವ್ಳು ಉಳಿಯಾಕಿಲ್ಲ ಕಣಮ್ಮ." ಬಾಗಿಲಾಚೆ ಕೂತಿದ್ದ ಭಾವ ಚೌಡಯ್ಯನ ಕಿವಿಗೂ ಬಿತ್ತು. ಎಲೆಅಡಿಕೆ ಉಗಿದು ಎದ್ದು ಹೋದ. ಅಷ್ಟೇ. ಹೆಂಡತಿಯ ಜೀವ ಹೆಂಡತಿಯೇ ಕಾದುಕೊಳ್ಳಬೇಕು, ಅಲ್ಲವೇ?

ಮೊಲೆಯುಣಿಸುವಷ್ಟು ದಿನ ಬಸುರಾಗುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಮೂರನೆಯದು ಹಾಲು ಬಿಡುವ ಮೊದಲೇ ನಾಲ್ಕನೆಯದು ಬಂದಿತ್ತು. ಆಮೇಲೆ ಅಂಕಮ್ಮನ ಪರಂಗಿ ಬೀಜದ ಕಷಾಯ ಕುಡಿದಳು. ವಾಂತಿಯೂ ಆಯಿತು, ಐದನೆಯ ಬಸುರೂ ಆಯಿತು. ಈಗ ಮುತ್ತತ್ತಿಗೆ ಹೋಗಿ ಹರಕೆ ಹೊತ್ತಳು. ಆಂಜನೇಯ ಬ್ರಹ್ಮಚಾರಿ, ಅವನಿಗೇನು ಗೊತ್ತು ಹೆಂಗಸಿನ ಗೋಳು ಎಂದು ನಾನು ರೇಗಿದೆ. "ಗೊತ್ತಿರೋ ದೇವ್ರುಗಳೆಲ್ಲ ಮಕ್ಕಳ್ನೇ ಕೊಡ್ತವೆ ಕಣೇ" ಅಂದಳು.

ಎಲ್ಲಕ್ಕಿಂತ ಗಟ್ಟಿ ಉಪಾಯ ತವರುಮನೆ. ಆದರೆ ನಾಟಿ ಶುರುವಾಯಿತೆಂದರೆ ಅತ್ತೆ ಮಂಚಮ್ಮ ಗಾಡಿ ಕಟ್ಟಿಸಿಕೊಂಡು ಬಂದು ಸೊಸೆಯನ್ನು ಎಳೆದೊಯ್ಯುತ್ತಿದ್ದಳು.

ಕೊನೆಗೆ, ಗಂಡ ಸತ್ತು ತವರು ಸೇರಿದ್ದ ನಾನೇ ಕಣ್ಣಿನ ಡಾಕ್ಟರಿಗೆ ತೋರಿಸುತ್ತೇನೆಂದು ಸುಳ್ಳು ಹೇಳಿ ಅಕ್ಕನನ್ನು ಮದ್ದೂರಿನಲ್ಲಿ ರೈಲು ಹತ್ತಿಸಿದೆ. ಮೈಸೂರಿನ ಡಾಕ್ಟರಮ್ಮ ದಾರ ಕಟ್ಟಿದ ಸ್ಪಂಜು ಕೊಟ್ಟು, ಎಣ್ಣೆಯಲ್ಲಿ ಅದ್ದಿ ಒಳಗಿಟ್ಟುಕೊಳ್ಳುವುದನ್ನು ಕಲಿಸಿದರು. "ಇದೂ ಪೂರಾ ಗ್ಯಾರಂಟಿ ಅಲ್ಲಮ್ಮ, ಆದರೆ ಕಷಾಯಕ್ಕಿಂತ ಎಷ್ಟೋ ವಾಸಿ" ಅಂದರು. ಯುದ್ಧದ ಕಾಲ, ಊಟಕ್ಕೇ ತತ್ವಾರ. ಆದರೂ ಎರಡು ವರ್ಷ ಬಸುರಿಲ್ಲದೆ ಅಕ್ಕ ಮೈತುಂಬಿಕೊಂಡಳು.

ಗೌರಿಹಬ್ಬಕ್ಕೆ ಸುಣ್ಣ ಬಳಿಯುವಾಗ ಮಂಚಮ್ಮನ ಕೈಗೆ ಗೋಡೆಯ ಗೂಡಿನಲ್ಲಿದ್ದ ಆ ಸ್ಪಂಜು ಸಿಕ್ಕಿತು. ಎಣ್ಣೆ ಜಿಡ್ಡು, ಅದಕ್ಕೊಂದು ದಾರ! "ಅಯ್ಯಯ್ಯೋ, ಯಾವ ಮನೆಹಾಳ್ರೋ ನನ್ನ ವಂಸಕ್ಕೆ ಮಾಟ ಮಡಗವ್ರೆ! ಅದ್ಕೇ ಸೊಸೆ ಬಸುರಾಗ್ತಿಲ್ಲ!" ಎಂದು ಬಾಯಿ ಬಡಿದುಕೊಂಡು, ಉಪ್ಪು ಮೆಣಸಿನಕಾಯಿ ಜೊತೆ ಒಲೆಗೆ ಹಾಕಿದಳು. ಹೊಸಲಲ್ಲಿ ಬೂದುಗುಂಬಳ ಒಡೆಸಿದಳು. ನಿಜ ಹೇಳಿದ್ದರೆ ಅಕ್ಕನೇ ಮಾಟಗಾತಿಯಾಗುತ್ತಿದ್ದಳು. ಒಡೆದ ಹೋಳುಗಳನ್ನು ತಾನೇ ಬಳಿದು ಎಸೆದಳು. ಇನ್ನೊಂದು ತರಲು ನಾವು ಮೈಸೂರಿಗೆ ಹೊರಡುವಷ್ಟರಲ್ಲಿ ಗರ್ಭ ನಿಂತಾಗಿತ್ತು. ಮಾಟ ಕಳೆದದ್ದಕ್ಕೇ ಸೊಸೆ ಬಸುರಾದಳೆಂದು ಮುದುಕಿ ಊರೆಲ್ಲ ಸಾರಿಕೊಂಡು ಬಂದಳು.

ಆರನೆಯ ಹೆರಿಗೆಯಲ್ಲಿ ಕೂಸು ಉಳಿಯಿತು, ಅಕ್ಕ ಹೋದಳು.

ತಿಥಿಯ ಎಡೆ ತೆಗೆಯುತ್ತಿದ್ದಂತೆಯೇ ತಾಯಿ ಮಗ ಇಬ್ಬರೂ ನಮ್ಮ ಹಟ್ಟಿಗೆ ಬಂದರು, ವಿಧವೆಯಾದ ನನ್ನನ್ನು ಚೌಡಯ್ಯನಿಗೆ ಕೂಡಿಕೆ ಮದುವೆಗೆ ಕೇಳಲು. "ತಬ್ಬಲಿ ಮಕ್ಳು ಕಣವ್ವ, ನೀನೇ ತಾಯಾಗು" ಎಂದು ಮಂಚಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಅವಳೆದುರೇ ಬಂದು ನಿಂತು ಅಂದೆ:

"ಬತ್ತೀನಿ ಕಣತ್ತೆ. ಮೊದ್ಲು ನಿಮ್ಮ ಮಗನಿಗೆ ಹೋರಿಗೆ ಒಡೆಸ್ದಂಗೆ ಬೀಜ ಒಡೆಸ್ಕೊಂಡು ಬನ್ನಿ. ಅದೊಂದು ಉಪಾಯ ಮಾತ್ರ ನಮ್ಮಕ್ಕ ಮಾಡಿ ನೋಡ್ನಿಲ್ಲ."

ನಮ್ಮಪ್ಪ ಎಲ್ಲರೆದುರೇ ನನ್ನ ಕೆನ್ನೆಗೆ ಬಾರಿಸಿದ. ಚೌಡಯ್ಯ ಮಳವಳ್ಳಿ ಕಡೆಯ ಹೆಣ್ಣೊಂದನ್ನು ತಂದ. ಮೊನ್ನೆ ಹಲಗೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಅವಳು ಸಿಕ್ಕಳು. ಕಂಕುಳಲ್ಲಿ ಅಕ್ಕನ ಕಿರಿಯದು. ಆಗಲೇ ಹೊಟ್ಟೆ ಮುಂದಕ್ಕೆ ಬಂದಿತ್ತು.