ಕೊನೆಯ ಸಾಲು ಕೇಳುವವರೆಗೆ

ನಮ್ಮ ಸರ್ ಅವರ ಬಲಗಿವಿಯ ಮೇಲ್ತುದಿ ಹೆಡ್‌ಫೋನಿನ ಒತ್ತಡಕ್ಕೆ ಮಡಚಿಕೊಂಡು ಹಾಗೇ ನಿಂತುಬಿಟ್ಟಿತ್ತು. ಎಡಗಿವಿಗೆ ಅವರು ಎಂದೂ ಹೆಡ್‌ಫೋನ್ ಹಾಕಿದವರಲ್ಲ. ಬಲಗಿವಿ ಕಂಪ್ಯೂಟರಿಗೆ, ಎಡಗಿವಿ ಮಕ್ಕಳಿಗೆ ಎಂದು ಪಾಲು ಮಾಡಿದ್ದರು. ಕಣ್ಣು ಪೂರ್ತಿ ಹೋದ ಮೇಲೆ ಅವರ ಪಾಠವೆಲ್ಲ ನಡೆದದ್ದು ಈ ಎರಡು ಕಿವಿಗಳಲ್ಲೇ.

ಚನ್ನಗಿರಿಯಲ್ಲಿ ಓದುವಾಗ ನನಗೆ ಕಂಪ್ಯೂಟರ್ ಕಲಿಸಿದವರು ಅವರು. ಆಗಲೇ ದೃಷ್ಟಿ ಮಂಜಾಗುತ್ತಿತ್ತು. ಪರದೆಯ ಮೇಲೆ ಬರುವುದನ್ನೆಲ್ಲ ಓದಿ ಹೇಳುವ ಪ್ರೋಗ್ರಾಮೊಂದನ್ನು ಕಣ್ಣು ಇರುವಷ್ಟರಲ್ಲೇ ಬರೆದಿಟ್ಟುಕೊಂಡರು. ಅದಕ್ಕೆ 'ಓದುಗ' ಎಂದು ಹೆಸರು. ಅವನ ದನಿಯೋ ದೇವರಿಗೇ ಪ್ರೀತಿ, ನೆಗಡಿಯಾದ ಕಂಡಕ್ಟರನ ಹಾಗಿತ್ತು. ನಿವೃತ್ತಿಯಾಗಿ ಜಗಳೂರಿನ ಮನೆಗೆ ಹೋದ ಮೇಲೆ ಅದೇ ಓದುಗನನ್ನು ನಂಬಿಕೊಂಡು ನಡುಮನೆಯಲ್ಲಿ ಬೆಂಚು ಹಾಕಿಸಿ ಊರ ಮಕ್ಕಳಿಗೆ ಪ್ರೋಗ್ರಾಂ ಬರೆಯುವ ಪಾಠ ಶುರು ಮಾಡಿದರು. ಬೀದಿಯಲ್ಲಿ ಕುರಿಮಂದೆ ಬಂದರೆ ಓದುಗನನ್ನು ನಿಲ್ಲಿಸಿ, ಮಂದೆ ದಾಟಿದ ಮೇಲೆ ಮತ್ತೆ ಬಿಡುತ್ತಿದ್ದರು.

ಅವರದೊಂದು ಅಭ್ಯಾಸ ನನಗೆ ತಲೆಚಿಟ್ಟು ಹಿಡಿಸುತ್ತಿತ್ತು. ಯಾರು ಏನು ಹೇಳಿ ಮುಗಿಸಿದರೂ "ಇನ್ನೇನಾದ್ರೂ ಐತಾ?" ಎಂದು ಕೇಳಿ ಸುಮ್ಮನೆ ಕಾಯುವರು. ಫೋನಿನಲ್ಲೂ ಅಷ್ಟೇ, ತಾವಾಗಿ ಮೊದಲು ಇಟ್ಟವರೇ ಅಲ್ಲ. ನನಗೋ ಮೂಗಿನ ತುದಿಯಲ್ಲೇ ಕೋಪ. ಹೊನ್ನಾಳಿಯ ಕಾಲೇಜಿಗೆ ನಾನೂ ಕಂಪ್ಯೂಟರ್ ಮೇಡಂ ಆಗಿ ಸೇರಿ, ನ್ಯಾಮತಿಯಿಂದ ದಿನಾ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅವರ ಫೋನ್ ಬಂದರೆ, "ಏನೂ ಇಲ್ಲ ಸರ್, ಇಡ್ತೀನಿ" ಎಂದು ಕಟ್ ಮಾಡುತ್ತಿದ್ದೆ.

ಒಮ್ಮೆ ಕರೆಂಟು ಏರಿಳಿದು ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ ಓಡುತ್ತಿದ್ದ ಸರ್ ಅವರ ಯಂತ್ರ ಸುಟ್ಟುಹೋಯಿತು. ಪರಿಚಯದವರು ಕೊಟ್ಟ ಬೇರೊಂದು ಯಂತ್ರದಲ್ಲಿ ಲಿನಕ್ಸಿನ ದಾಯಾದಿಯಂಥ, ಬಿಎಸ್‌ಡಿ ಕುಲದ ಹಳೇ ಯುನಿಕ್ಸ್ ಇತ್ತು. ಓದುಗ ಕೆಲಸ ಮಾಡುತ್ತಿದ್ದುದು ಹುಸಿ ಟರ್ಮಿನಲ್ ಮೂಲಕ. ಅದರ ಒಂದು ತುದಿಯಲ್ಲಿ ಮಕ್ಕಳ ಪ್ರೋಗ್ರಾಂ ನಿಜವಾದ ಪರದೆಯೇ ಎದುರಿಗಿದೆ ಎಂದು ನಂಬಿ ಬರೆಯುತ್ತಾ ಹೋಗುತ್ತದೆ. ಇನ್ನೊಂದು ತುದಿಯಲ್ಲಿ ಓದುಗ ಅದನ್ನು ಎತ್ತಿಕೊಂಡು ಮಾತಾಗಿಸುತ್ತಾನೆ. ಇಂಥ ಟರ್ಮಿನಲ್ ಯುನಿಕ್ಸ್ ಜಾತಿಯ ಎಲ್ಲ ವ್ಯವಸ್ಥೆಗಳಲ್ಲೂ ಉಂಟು, ಆದರೆ ತೆರೆಯುವ ಕ್ರಮ ಒಂದೊಂದರಲ್ಲಿ ಒಂದೊಂದು. ನಾನು ಜಗಳೂರಿಗೆ ಹೋಗಿ ಅಷ್ಟನ್ನು ತಿದ್ದಿದೆ. ಓದುಗ ಮಾತಾಡಿದ. ಸರ್ ಖುಷಿಯಿಂದ ಮಂಡಕ್ಕಿ ಮಿರ್ಚಿ ತರಿಸಿದರು.

ಸ್ವಲ್ಪ ದಿನಕ್ಕೆ ಅವರ ಫೋನು ಬಂತು. "ಕಿವೀನೂ ಹೋತು ಕಣಮ್ಮಾ. ಪಾಠ ನಿಲ್ಸಿದೀನಿ" ಎಂದರು.

ಆದದ್ದಿಷ್ಟು. ಅವರಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗಿ, ಬಲು ಮೆಲುದನಿಯವಳು, ಶೇಂಗಾ ಚೀಲಗಳ ತೂಕ ಕೂಡಿಸುವ ಪ್ರೋಗ್ರಾಂ ಬರೆದಿದ್ದಳು. ಒಂದೊಂದೇ ಚೀಲದ ತೂಕ ಸರ್ ಅವರಿಗೆ ಕೇಳಿಸಿತು, ಕೊನೆಯ ಮೊತ್ತ ಕೇಳಿಸಲಿಲ್ಲ. "ಮೊತ್ತಾನೇ ಇಲ್ದೆ ಎಂಥ ಲೆಕ್ಕ ಇದು?" ಎಂದು ಎಲ್ಲರೆದುರು ಗದರಿದರು. "ನಮ್ಮನೇಲಿ ಬರ್ತೈತ್ರಿ ಸರ್" ಎಂದಳಂತೆ ಅವಳು. ಮಾರನೆಯ ದಿನ ಅಣ್ಣನ ಲ್ಯಾಪ್‌ಟಾಪ್ ತಂದು ಎಲ್ಲರಿಗೂ ತೋರಿಸಿದಳು. ಮೊತ್ತ ಇತ್ತು. ಸರ್ ಮಕ್ಕಳನ್ನೆಲ್ಲ ಮನೆಗೆ ಕಳಿಸಿಬಿಟ್ಟರು. ಕಿವಿಯೇ ಮೋಸ ಮಾಡಿದರೆ ತಾನು ಯಾವ ಬಾಯಲ್ಲಿ ಮಕ್ಕಳ ತಪ್ಪು ಹೇಳಲಿ ಎಂಬುದು ಅವರ ಸಂಕಟ.

ಆ ಯಂತ್ರಕ್ಕೆ ಓದುಗನನ್ನು ಹೊಂದಿಸಿದವಳು ನಾನೇ. ರಜೆ ಹಾಕಿ ಹೋದೆ.

"ಬಿಡ್ರಿ ಸರ್, ಇದಕ್ಕೂ ಲಿನಕ್ಸೇ ಹಾಕಿಬಿಡ್ತೀನಿ" ಎಂದೆ.

"ಏನಾತು ಅಂತ ತಿಳೀದೆ ಹಾಕಿದ್ರೆ, ಕಿವಿ ಮ್ಯಾಲಿನ ಅನುಮಾನ ಹೋಗಾಕಿಲ್ಲ" ಎಂದರು. ಅದೂ ಸರಿಯೇ.

ಬರೆಯಲು ಅವರು ದಿನಾ ಬಳಸುವ ಎಡಿಟರಿನಲ್ಲಿ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಹುಡುಗಿಯ ಪ್ರೋಗ್ರಾಂ ಓಡಿಸಿದರೆ ಮಾತ್ರ ಮೊತ್ತ ಮಾಯ. ಹೆಡ್‌ಫೋನ್ ನನ್ನ ಕಿವಿಗೇ ಹಾಕಿಕೊಂಡೆ, ನನಗೂ ಕೇಳಿಸಲಿಲ್ಲ. ಆ ಪ್ರೋಗ್ರಾಂ ಮುಗಿಯುವ ಮುಂಚೆ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವಂತೆ ಮಾಡಿ ಹೆಡ್‌ಫೋನ್ ಅವರಿಗೆ ಕೊಟ್ಟೆ. ಓದುಗ ಮೊತ್ತ ಹೇಳಿದ.

ಸರ್ ಮಡಚಿದ ಕಿವಿಯನ್ನು ಬೆರಳಲ್ಲಿ ಮುಟ್ಟಿ ನೋಡಿಕೊಂಡರು. "ಹಂಗಾದ್ರೆ ಇದು ನೆಟ್ಟಗೈತಾ?"

"ನೆಟ್ಟಗೈತೆ ಸರ್. ಓದುಗ ನಿಧಾನಕ್ಕೆ ಓದ್ತಾನೆ. ಅಷ್ಟರಲ್ಲಿ ಪ್ರೋಗ್ರಾಂ ಮುಗಿದು ತನ್ನ ತುದಿ ಮುಚ್ಕೊಂಡು ಹೋಗ್ತೈತೆ. ಲಿನಕ್ಸ್ ಆದ್ರೆ ಓದದೆ ಉಳಿದಿದ್ದನ್ನ ಇಟ್ಕೊಂಡಿರ್ತಿತ್ತು. ಇದು ಚೆಲ್ಲಿಬಿಡ್ತೈತೆ."

ಎಡಿಟರು ತೆರೆದೇ ಇರುವುದರಿಂದ ಅಲ್ಲಿ ಏನೂ ಚೆಲ್ಲುತ್ತಿರಲಿಲ್ಲ. ಸರ್ ತಲೆ ವಾಲಿಸಿ ಯೋಚಿಸಿದರು. "ಆ ಕಡೆ ತುದೀನ ನಾವೂ ಒಂದು ಕೈಯಾಗೆ ಹಿಡ್ಕಂಡಿರಾಣ. ಅದು ಬಿಟ್ಟು ಹೋದ್ರೂ ನಾವು ಬಿಡಾದು ಬ್ಯಾಡ."

"ಆಗ ಮುಗೀತು ಅಂತ ಓದುಗನಿಗೆ ಗೊತ್ತೇ ಆಗಲ್ಲ. ಕಾಯ್ತಾ ಕೂತ್ಕೊಂಡಿರ್ತಾನೆ."

"ಪ್ರೋಗ್ರಾಂ ಸತ್ತ ಸುದ್ದಿ ಯಂತ್ರದಿಂದ ಬ್ಯಾರೆ ದಾರೀಲಿ ಬರ್ತೈತಲ್ಲಮ್ಮಾ. ಸುದ್ದಿ ಬಂದ ಮ್ಯಾಲೆ ಉಳಿದಿದ್ದೆಲ್ಲ ಓದಿ, ಆಮೇಲೆ ಬಿಟ್ರಾತು."

ಅಷ್ಟೇ ಬರೆದೆ. ಆಮೇಲೆ ಒಂದು ಸಾಲೂ ಕಳೆಯಲಿಲ್ಲ. ಸರ್ ಮಕ್ಕಳನ್ನೆಲ್ಲ ಕರೆಸಿ, ಆ ಹುಡುಗಿಯನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಿದರು: "ನಿನ್ನ ಲೆಕ್ಕ ಸರಿ ಇತ್ತವ್ವಾ. ನಾನು ಕೊನೇತನಕ ಕೇಳಲಿಲ್ಲ." ಅವಳು "ಇರ್ಲಿ ಬಿಡ್ರಿ ಸರ್" ಎಂದಳು. ಅವರು "ಇನ್ನೇನಾದ್ರೂ ಐತಾ?" ಎಂದು ಕಾದರು. ಸ್ವಲ್ಪ ಹೊತ್ತು ಬಿಟ್ಟು ಅವಳು, "ಬ್ಯಾಸ್ರಾಗಿತ್ರಿ" ಎಂದಳು. ಸರ್ ತಲೆಯಾಡಿಸಿದರು. ಪಾಠ ಮತ್ತೆ ಶುರುವಾಯಿತು, ಅವರು ಹಾಸಿಗೆ ಹಿಡಿಯುವವರೆಗೂ ನಡೆಯಿತು.

ಅವರ ಕೊನೆಯ ಫೋನು ಬಂದಾಗ ಹೊನ್ನಾಳಿ ಬಸ್ ಸ್ಟ್ಯಾಂಡಿನಲ್ಲಿದ್ದೆ. ದನಿ ಇಳಿದುಹೋಗಿತ್ತು. "ಆ ಹುಡುಗಿ ನಿಮ್ಮ ಕಾಲೇಜಿಗೇ ಸೇರ್ತಾಳಂತೆ, ಹಾಸ್ಟೆಲ್‌ನಾಗೆ ಇರ್ತಾಳೆ. ಮೆಲ್ಲಗೆ ಮಾತಾಡ್ತಾಳೆ, ನೋಡ್ಕ್ಯ" ಎಂದರು. ಹೂಂ ಎಂದೆ. ನ್ಯಾಮತಿ ಬಸ್ಸು ಬಂದು ನಿಂತಿತು. ಈ ಸಲ ನಾನೇ ಕೇಳಿದೆ: "ಇನ್ನೇನಾದ್ರೂ ಐತಾ ಸರ್?" ಆ ಕಡೆ ನಕ್ಕ ಸದ್ದು, ಆಮೇಲೆ ಬರೀ ಉಸಿರು. ಅವರೂ ಇಡಲಿಲ್ಲ, ನಾನೂ ಇಡಲಿಲ್ಲ. ಬಸ್ಸು ಹೋಯಿತು. ಕೊನೆಗೆ ಅವರ ಹೆಂಡತಿ, ನಮ್ಮ ಅಮ್ಮಾರು, "ಇಬ್ರಿಗೂ ಬ್ಯಾರೆ ಕೆಲ್ಸ ಇಲ್ಲೇನ್ರಿ, ಇಡ್ರಿ ಫೋನು" ಎಂದು ಇಸಿದುಕೊಂಡರು. ಮುಂದಿನ ವಾರ ಸರ್ ತೀರಿಕೊಂಡರು.

ಆ ಹುಡುಗಿ ಈಗ ನನ್ನ ತರಗತಿಯಲ್ಲಿ ಕಿಟಕಿ ಪಕ್ಕ ಕೂರುತ್ತಾಳೆ. ಪ್ರಶ್ನೆ ಕೇಳಿದರೆ ಎದ್ದು ಎರಡು ಮಾತು ಹೇಳಿ ನಿಲ್ಲಿಸಿಬಿಡುತ್ತಾಳೆ. ಮೂಗಿನ ತುದಿಯ ಕೋಪವನ್ನು ಅಲ್ಲೇ ಇರಿಸಿಕೊಂಡು, "ಇನ್ನೇನಾದ್ರೂ ಐತಾ?" ಎಂದು ಕಾಯುತ್ತೇನೆ. ಹೆಚ್ಚಿನ ಸಲ ಇರುತ್ತದೆ.