ಒಂದೇ ಕಡೆಯಿಂದ ಕಡಿಯುವ ಆಂಜಿನಮ್ಮ

ಬೆಳಗಿನ ಐದು ಗಂಟೆ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಅರ್ಧ ಮೈಲಿ ಒಳಗೆ, ಆವಲಪ್ಪನವರ ನೀಲಗಿರಿ ತೋಪಿನಲ್ಲಿ ಇನ್ನೂ ಕತ್ತಲು. ತೋಪಿನ ನಡುವೆ ಇರುವ ಮೂರು ಹಳೇ ಹುಣಸೆ ಮರಗಳ ಕೆಳಗೆ ಮರ ಕಡಿಯುವ ಹದಿನಾಲ್ಕು ಜನರ ತಂಡ ಕಂಬಳಿ ಹೊದ್ದು ಮಲಗಿದೆ. ಎದ್ದಿರುವುದು ಒಬ್ಬರೇ, ತಂಡದ ಮೇಸ್ತ್ರಿ ಆಂಜಿನಮ್ಮ. ಸೀರೆಯ ಮೇಲೆ ಗಂಡನ ಹಳೇ ಶರ್ಟು, ತಲೆಗೆ ಟವೆಲ್ಲು, ಕೈಯಲ್ಲಿ ಮೂರು ಸೆಲ್ಲಿನ ಟಾರ್ಚು. ಕೆರೆ ಪಕ್ಕದ ಪೊದೆಯಿಂದ ಶುರು ಮಾಡಿ, ಕಡಿಯದೆ ಉಳಿದ ಎರಡು ಸಾಲು ಮರಗಳ ಕೊಂಬೆ ಕೊಂಬೆಗೂ ಬೆಳಕು ಬಿಡುತ್ತಾ ಹುಣಸೆ ಮರಗಳವರೆಗೆ ಬರುತ್ತಾರೆ. ಅಲ್ಲಿ ಟಾರ್ಚು ನಿಲ್ಲುತ್ತದೆ. ಬಳ್ಳಿ ಸುತ್ತಿದ ಕೊಂಬೆಯಲ್ಲಿ ಕೆಂಡದ ಚೂರಿನ ಹಾಗೆ ಎರಡು ಕಣ್ಣು. ಪಕ್ಕದಲ್ಲೇ ಇನ್ನೆರಡು, ಚಿಕ್ಕವು.

"ಅಯ್ಯೋ ನಿನ್ನ, ಇನ್ನೂ ಇಲ್ಲೇ ಇದೀಯೇನೇ?" ಆಂಜಿನಮ್ಮ ಟಾರ್ಚು ಆರಿಸುತ್ತಾರೆ. "ನಾಳೆ ಮಧ್ಯಾಹ್ನಕ್ಕೆ ಲಾರಿ ಬರ್ತೈತೆ ಕಣೇ. ನೀನು ಯಾವಾಗ ಹೊರಡ್ತೀಯಾ?"

ಕೇಳಿಸಿಕೊಂಡದ್ದು ಒಂದು ತಾಯಿ ಕಾಡುಪಾಪ, ಮರಿಯ ಜೊತೆಗಿರುವುದು. ಅಂಗೈಗಿಂತ ತುಸು ದೊಡ್ಡ ಮೈ, ಮುಖದ ತುಂಬ ಕಣ್ಣು, ಬಾಲ ಇಲ್ಲ. ಕೋತಿಯ ದೂರದ ನೆಂಟನಾದರೂ ಜಿಗಿಯಲು ಬಾರದು. ಕೊಂಬೆಯಿಂದ ಕೊಂಬೆಗೆ ಕೈಯಿಟ್ಟುಕೊಂಡೇ ನಡೆಯಬೇಕು. ನೆಲಕ್ಕಿಳಿದರೆ ನಾಯಿ ಬಿಡುವುದಿಲ್ಲ, ಮನುಷ್ಯರಂತೂ ಬಿಡುವುದೇ ಇಲ್ಲ. ಮಾಟ ಮಂತ್ರಕ್ಕೆಂದು ಹಿಡಿದು ಮಾರುವ ಪುಣ್ಯಾತ್ಮರು ನಮ್ಮಲ್ಲಿ ಇನ್ನೂ ಇದ್ದಾರೆ. ಇರುವುದೇ ಬೆರಳೆಣಿಕೆಯಷ್ಟು, ಅದಕ್ಕೂ ಈ ಗತಿ.

ಹಣ್ಣಿನ ಆಸೆಗೆ ಹುಣಸೆ ಮರಗಳನ್ನು ಆವಲಪ್ಪ ಮಾರಿಲ್ಲ. ಆದರೆ ಸುತ್ತ ಬಯಲಾದ ಮೇಲೆ ಮೂರು ಮರದಲ್ಲಿ ಮರಿ ಕಟ್ಟಿಕೊಂಡು ಕೂತ ಪ್ರಾಣಿ ಒಂದು ವಾರವೂ ಉಳಿಯದು. ನಾಳೆ ಮಧ್ಯಾಹ್ನದೊಳಗೆ ಅದು ಈ ಎರಡು ಸಾಲಿನ ಮೇಲೆ ನಡೆದು ಕೆರೆಯ ಪೊದೆ ಸೇರಬೇಕು. ಆಮೇಲೆ ಸಾಲು ಇರುವುದಿಲ್ಲ. ಅದು ಕೊನೆಯ ಲೋಡಿಗೆ ಸೇರಿದ ಮರ.

ಆಂಜಿನಮ್ಮನಿಗೆ ಈಗ ನಲವತ್ತಾರು ವರ್ಷ. ಜಂಗಮಕೋಟೆಯ ಆಸುಪಾಸಿನವರು. ಊರಿನ ಹೆಣ್ಣುಮಕ್ಕಳೆಲ್ಲ ಹಿಪ್ಪುನೇರಳೆ ಸೊಪ್ಪು ಬಿಡಿಸಲು ಹೋಗುತ್ತಿದ್ದ ಕಾಲದಲ್ಲಿ ಇವರು ನೀಲಗಿರಿ ತೊಗಟೆ ಸುಲಿಯಲು ಹೋದವರು. ಆಗ ಹದಿನಾರು ವರ್ಷ. ಕಡಿದ ದಿನವೇ ಸುಲಿದರೆ ತೊಗಟೆ ಸಲೀಸಾಗಿ ಬರುತ್ತದೆ, ಮರುದಿನಕ್ಕೆ ಬಿಟ್ಟರೆ ಮರಕ್ಕೇ ಅಂಟಿ ಕೂರುತ್ತದೆ. ಹಾಗಾಗಿ ಜ್ವರ ಬರಲಿ, ಮಗು ಅಳಲಿ, ಸುಲಿಯುವವರಿಗೆ ರಜೆ ಎಂಬುದಿಲ್ಲ. ಅವರ ಅಂಗೈ ನೋಡಿದರೆ ಅದೇ ಒಂದು ತೊಗಟೆ. "ಗೀರು ಬಿದ್ರೆ ನನಗೆ ಗೊತ್ತೇ ಆಗಲ್ಲ. ರಕ್ತ ನೋಡಿದ ಮೇಲೆ ಗೊತ್ತಾಗೋದು," ಎಂದು ನಗುತ್ತಾರೆ.

ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಈ ಕಸುಬಿನ ಹಳೇ ಪದ್ಧತಿ ಒಂದೇ. ತೋಪಿನ ಸುತ್ತ ಲಾರಿ ಎಲ್ಲಿ ನಿಲ್ಲುತ್ತದೋ ಅಲ್ಲೆಲ್ಲ ಅಂಚಿನಿಂದ ಕಡಿಯುತ್ತಾ ನಡುವಿಗೆ ಬರುವುದು. ಕೊನೆಯ ದಿನ ನಡುವೆ ಒಂದಿಷ್ಟು ಮರ ಉಳಿಯುತ್ತದೆ. ತೋಪಿನ ಮೊಲ, ಉಡ, ಕೌಜುಗ, ಇನ್ನೇನಿದೆಯೋ ಎಲ್ಲ ಹಿಂದೆ ಹಿಂದೆ ಸರಿದು ಆ ತುಂಡಿನಲ್ಲೇ ತುಂಬಿಕೊಂಡಿರುತ್ತವೆ. ಆ ದಿನ ಗಂಡಸರು ಕೊಡಲಿ ಬದಿಗಿಟ್ಟು ಬಲೆ ಹಿಡಿಯುತ್ತಾರೆ. ಸಂಜೆಗೆ ಬಾಡೂಟ. ಬಲೆ ಬೀಸುವುದರಲ್ಲಿ ನಾಲ್ಕು ತಾಲ್ಲೂಕಿಗೂ ಹೆಸರಾದವರು ಯಾರು ಅಂದುಕೊಂಡಿರಿ? ಬೇರೆ ಯಾರೂ ಅಲ್ಲ, ಆಂಜಿನಮ್ಮನ ಗಂಡ ಬಯ್ಯಪ್ಪ.

2001ರಲ್ಲಿ, ವಿದುರಾಶ್ವತ್ಥದ ಕಡೆಯ ಒಂದು ತೋಪಿನಲ್ಲಿ, ಅಂಥದೇ ಕೊನೆಯ ದಿನ ಉರುಳಿದ ಮರದ ಕೊಂಬೆಗೆ ಒಂದು ಕಾಡುಪಾಪ ಕಚ್ಚಿಕೊಂಡಿತ್ತು. ಯಾರೋ ಚೀಲಕ್ಕೆ ಹಾಕಿದರು. ಆಂಜಿನಮ್ಮ ಜಗಳವಾಡಿ ಚೀಲ ಕಿತ್ತುಕೊಂಡು ಬಿಚ್ಚಿದರು. "ಒಳಗೆ ಕೈ ಹಾಕಿದೆ. ನನ್ನ ಬೆರಳು ಹಿಡ್ಕೊಂಡ್ತು, ಹೆತ್ತ ಮಕ್ಕಳು ಹಿಡ್ಕೊಳ್ತಾವಲ್ಲ, ಹಂಗೇ. ಸೊಂಟ ಮುರಿದಿತ್ತು. ಸಂಜೆ ಹೊತ್ತಿಗೆ ಮಡಿಲಲ್ಲೇ ಹೋಯ್ತು. ಅವತ್ತು ನಾನು ಊಟ ಮುಟ್ಟಲಿಲ್ಲ." ಏಳು ವರ್ಷ ಕಳೆದರೂ ಆ ದುಃಖ ಹಸಿಯಾಗಿಯೇ ಇದೆ. "ಮರ ಕಡಿಯೋದು ಬಿಡಕ್ಕಾಗ್ತದಾ? ನಮ್ಮ ಹೊಟ್ಟೆ ಅದರಲ್ಲೈತೆ. ಯೋಚನೆ ಮಾಡಿ ಮಾಡಿ ಕಡೆಗೆ ಗೊತ್ತಾಯ್ತು, ನಾವು ಸುತ್ತಲೂ ದಾರಿ ಮುಚ್ಚಿ ಕಡೀತಿದ್ವಿ, ಅದಕ್ಕೇ ಅವು ಸಾಯ್ತಿದ್ವು ಅಂತ."

ಮೂರು ವರ್ಷದ ನಂತರ ಹಳೇ ಮೇಸ್ತ್ರಿ ಕೋನಪ್ಪನಿಗೆ ಮಂಡಿ ನೋವು ಬಂದು ಮನೆಯಲ್ಲಿ ಕೂತಾಗ, ತಂಡದವರು ಆಂಜಿನಮ್ಮನನ್ನೇ ಮೇಸ್ತ್ರಿ ಮಾಡಿದರು. ಪ್ರೀತಿಯಿಂದೇನೂ ಅಲ್ಲ. ತೋಪಿನ ಸುತ್ತ ಒಂದು ಸಲ ನಡೆದು ಬಂದು ಎಷ್ಟು ಲೋಡು ಆಗುತ್ತದೆಂದು ಕಣ್ಣಳತೆಯಲ್ಲೇ ಹೇಳುವ ಸಾಮರ್ಥ್ಯ ಇನ್ನೊಬ್ಬರಿಗೆ ಇರಲಿಲ್ಲ. ಅವರು ಒಪ್ಪಿದ್ದು ಒಂದೇ ಷರತ್ತಿನ ಮೇಲೆ: ಇನ್ನು ಮುಂದೆ ತೋಪನ್ನು ಒಂದೇ ಕಡೆಯಿಂದ ಕಡಿಯಬೇಕು. ಪೊದೆಯೋ ಗುಡ್ಡವೋ ಇರುವ ದಿಕ್ಕನ್ನು ಕೊನೆಗೆ ಇಟ್ಟುಕೊಂಡು, ಪ್ರಾಣಿಗಳಿಗೆ ಹೋಗಲು ದಾರಿ ಬಿಟ್ಟು ಮುಂದುವರಿಯಬೇಕು.

ತಂಡದಲ್ಲಿ ಗದ್ದಲವೋ ಗದ್ದಲ. ಎಲ್ಲರಿಗಿಂತ ಜೋರು ದನಿ ಬಯ್ಯಪ್ಪನದೇ. ಕೊನೆಯ ದಿನದ ಬಾಡೂಟ ಕಳೆದುಕೊಳ್ಳಲು ಆತ ಸುತರಾಂ ತಯಾರಿಲ್ಲ. ಆಂಜಿನಮ್ಮ ನೇರವಾಗಿ ಮರದ ಗುತ್ತಿಗೆದಾರ ವೆಂಕಟರವಣಪ್ಪನ ಬಳಿ ಹೋದರು. ತೋಪು ಮುಗಿದ ದಿನ ತಂಡಕ್ಕೆ ನಾಲ್ಕು ನಾಟಿ ಕೋಳಿ ಕೊಡಬೇಕು, ಒಂದು ಲೋಡೂ ಕಡಿಮೆಯಾಗದಂತೆ ನೋಡಿಕೊಳ್ಳುವ ಹೊಣೆ ತನ್ನದು ಎಂದು ಮಾತು ಮುಗಿಸಿ ಬಂದರು. ಬಯ್ಯಪ್ಪ ಈಗ ಅದೇ ಪದ್ಧತಿಯ ದೊಡ್ಡ ವಕೀಲ. "ಒಂದು ಮೊಲಕ್ಕೆ ಮೂರು ಗಂಟೆ ಓಡ್ಬೇಕಿತ್ತು ಸಾರ್. ಕೋಳಿ ಆದ್ರೆ ಕಾಲು ಕಟ್ಟಿಸ್ಕೊಂಡು ತಾನೇ ಬರ್ತೈತೆ," ಎನ್ನುತ್ತಾರೆ. ಬಲೆಯನ್ನು ಮನೆಯಲ್ಲಿ ಸೋರೆ ಬಳ್ಳಿ ಹಬ್ಬಿಸಲು ಕಟ್ಟಿದ್ದಾರೆ.

ಹೀಗೆ ನಾಲ್ಕು ವರ್ಷದಲ್ಲಿ ಮೂವತ್ತೊಂದು ತೋಪು ಮುಗಿದಿವೆ. ಹನ್ನೊಂದರಲ್ಲಿ ಕಾಡುಪಾಪ ಕಂಡಿದೆ. ಎಂಟು ಕೊಡಲಿ, ತೊಗಟೆ ಸುಲಿಯುವ ಆರು ಜೊತೆ ಕೈ, ದಿನಕ್ಕೆ ಎರಡು ಲೋಡು. ಕಡಿದ ಜಾಗದ ಸಾಲುಗಳ ನಡುವೆಯೇ ಟ್ರ್ಯಾಕ್ಟರು ಬರುವುದರಿಂದ ಹೊರುವ ಕೆಲಸವೂ ಕಡಿಮೆಯಾಗಿದೆ. ಆವಲಪ್ಪನವರ ನಾಲ್ಕೂವರೆ ಎಕರೆಗೆ ಆಂಜಿನಮ್ಮ ಹೇಳಿದ್ದು ಒಂಬತ್ತು ದಿನ, ಹದಿನೆಂಟು ಲೋಡು. ಇಂದು ಎಂಟನೆಯ ದಿನ.

ಹತ್ತು ಗಂಟೆಗೆ ಬೈಕಿನಲ್ಲಿ ಬಂದ ವೆಂಕಟರವಣಪ್ಪ ಎರಡು ಸಾಲು ಹಾಗೇ ನಿಂತಿದ್ದನ್ನು ನೋಡಿ ಮುಖ ಗಂಟಿಕ್ಕುತ್ತಾರೆ.

"ಏನಮ್ಮ ಇದು? ಅರ್ಧ ಲೋಡು ಮರ ಹಂಗೇ ನಿಂತೈತಲ್ಲ."

"ನಾಳೆ ಮಧ್ಯಾಹ್ನದ ತನಕ ಟೈಮ್ ಐತಲ್ಲಣ್ಣ."

"ನಿನ್ನ ಕಾಡುಪಾಪ ದಾಟದೇ ಇದ್ರೆ?"

"ದಾಟದೇ ಇದ್ರೂ ಕಡೀತೀನಿ. ಮಾತು ಮಾತೇ."

"ನೋಡಮ್ಮ, ಕಂಬಕ್ಕೆ ಕಾಯ್ಕೊಂಡು ಅಲ್ಲಿ ಸೆಂಟ್ರಿಂಗ್‌ನೋರು ಕೂತಿದಾರೆ. ತಪ್ಪಿದ್ರೆ ಚಿಂತಾಮಣಿ ತೋಪು ಬೇರೆ ತಂಡಕ್ಕೆ ಕೊಡ್ತೀನಿ. ಆ ತಂಡದೋರು ಸುತ್ತಲಿಂದನೇ ಕಡೀತಾರೆ, ಬೇಜಾರು ಮಾಡ್ಕೋಬೇಡ."

ಬೈಕು ಹೋದ ಮೇಲೂ ಆಂಜಿನಮ್ಮ ಅಲ್ಲೇ ನಿಂತಿದ್ದಾರೆ. ಚಿಂತಾಮಣಿ ತೋಪು ಹನ್ನೆರಡು ಎಕರೆ, ಹಿಂದೆಯೇ ಗುಡ್ಡ. ಅಲ್ಲಿ ಇನ್ನೆಷ್ಟು ಪ್ರಾಣಿಗಳಿವೆಯೋ. ಇಲ್ಲಿ ಸೋತರೆ ಅಲ್ಲಿಯೂ ಸೋತಂತೆ. ಅದಕ್ಕಿಂತ ಹೆಚ್ಚಾಗಿ ಅವರನ್ನು ಕಾಡುವ ಪ್ರಶ್ನೆ ಬೇರೆ. ಹಿಂದಿನ ಹನ್ನೊಂದು ತೋಪಿನಲ್ಲೂ ಕಾಡುಪಾಪಗಳು ತಾವಾಗಿ ಸರಿದು ಹೋಗಿದ್ದವು. ಇದು ಮಾತ್ರ ಮೂರು ರಾತ್ರಿಯಿಂದ ಯಾಕೆ ಕದಲುತ್ತಿಲ್ಲ?

ಉತ್ತರ ಸಿಕ್ಕಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಮುದ್ದೆ ಮುರಿಯುತ್ತಾ ತಲೆಯೆತ್ತಿದ ಆಂಜಿನಮ್ಮ ಒಮ್ಮೆ ಮೇಲೆ ನೋಡುತ್ತಾರೆ, ಒಮ್ಮೆ ಸುತ್ತ ನೋಡುತ್ತಾರೆ. ಮರ ಕಡಿದಂತೆಲ್ಲ ತೋಪಿನಲ್ಲಿ ಉಳಿದ ನೆರಳೆಂದರೆ ಈ ಹುಣಸೆ ಮರಗಳದ್ದೇ. ಐದನೇ ದಿನದಿಂದ ಒಲೆ, ಪಾತ್ರೆ, ಹಾಸಿಗೆ, ಬೀಡಿ ಹೊಗೆ, ಊರಿನಿಂದ ಹಿಂದೆ ಬಂದ ಎರಡು ನಾಯಿ, ಎಲ್ಲ ಇದರ ಕೆಳಗೇ ಠಿಕಾಣಿ ಹೂಡಿವೆ. ದಾರಿ ಬಿಟ್ಟಿದ್ದೇವೆಂದು ಬೀಗುತ್ತಾ ಹದಿನಾಲ್ಕೂ ಜನ ಆ ದಾರಿಯ ಬಾಗಿಲಲ್ಲೇ ಚಾಪೆ ಹಾಸಿದ್ದಾರೆ!

"ಅಯ್ಯೋ ನಮ್ಮ ಬುದ್ಧಿಗಿಷ್ಟು! ಅದು ಹೆಂಗೆ ಹೋಗ್ತೈತೆ? ನಾವೇ ಅಡ್ಡ ಕೂತಿದೀವಲ್ಲ! ಏಳ್ರಿ, ಎಲ್ಲಾ ಏಳ್ರಿ!"

ತಟ್ಟೆ ಹಿಡಿದೇ ಜನ ಏಳುತ್ತಾರೆ. ಒಲೆ ಆರಿಸಿ, ಗಂಟುಮೂಟೆ ಹೊತ್ತು ಎಲ್ಲರೂ ರಸ್ತೆ ಕಡೆಯ ಬಯಲಿಗೆ. ತಲೆ ಮೇಲೆ ಸುಡುವ ಮಾರ್ಚ್ ಬಿಸಿಲು, ಗೊಣಗಾಟಕ್ಕೆ ಲೆಕ್ಕವಿಲ್ಲ. "ಆ ಮರಿಗೆ ನೆರಳು, ನಮಗೆ ಬಿಸಿಲು. ಭಲೇ ನ್ಯಾಯ," ಎಂದು ಬಯ್ಯಪ್ಪ ರೇಗಿಸುತ್ತಾರೆ. ಹಾಗೆನ್ನುತ್ತಲೇ ನಾಯಿಗಳನ್ನು ಎಳೆದುಕೊಂಡು ಹೋಗಿ ಟ್ರ್ಯಾಕ್ಟರಿಗೆ ಕಟ್ಟಿದವರೂ ಅವರೇ. ಸಂಜೆಯ ಟೀ ಕೂಡ ಬಯಲಲ್ಲೇ ಕಾಯುತ್ತದೆ. ಹುಣಸೆ ಮರದ ಕಡೆ ಯಾರೂ ತಲೆ ಹಾಕುವುದಿಲ್ಲ.

ಒಂಬತ್ತನೆಯ ದಿನದ ನಸುಕು. ಈ ಸಲ ಆಂಜಿನಮ್ಮನ ಹಿಂದೆ ಬಯ್ಯಪ್ಪ, ಅವರ ಹಿಂದೆ ಇಡೀ ತಂಡ ಪಿಟಕ್ಕೆನ್ನದೆ ನಡೆಯುತ್ತಿದೆ. ಹುಣಸೆ ಮರದಲ್ಲಿ ಏನೂ ಇಲ್ಲ. ಸಾಲಿನ ಮೊದಲ ಮರ, ಹತ್ತನೆಯ ಮರ, ಇಪ್ಪತ್ತನೆಯ ಮರ, ಏನೂ ಇಲ್ಲ. ಕೊನೆಯಿಂದ ಎರಡನೆಯ ಮರದಲ್ಲಿ, ಪೊದೆಯ ಕಡೆಗೆ ಬಾಗಿದ ಕೊಂಬೆಯ ತುದಿಯಲ್ಲಿ ಕಣ್ಣುಗಳು! ಮರಿ ಹೊಟ್ಟೆಗೆ ಅಂಟಿಕೊಂಡಿದೆ. ತಾಯಿ ಒಂದು ಕೈ ಮುಂದಿಡುತ್ತದೆ, ನಿಲ್ಲುತ್ತದೆ, ಇನ್ನೊಂದು ಕೈ ಇಡುತ್ತದೆ. ಎಷ್ಟು ನಿಧಾನವೆಂದರೆ ನೋಡುವವರಿಗೆ ಹಿಂದಿನಿಂದ ನೂಕಬೇಕೆನಿಸುತ್ತದೆ. ಕೊನೆಗೆ ಪೊದೆಯಂಚಿನ ಹೊಂಗೆಯ ಎಲೆ ಅಲ್ಲಾಡುತ್ತದೆ, ಕಣ್ಣುಗಳು ಮರೆಯಾಗುತ್ತವೆ.

"ಅಯಿಪೋಯಿಂದಿ!" ಮುಗೀತು ಎಂದು ಬಯ್ಯಪ್ಪ ತೆಲುಗಿನಲ್ಲಿ ಕೂಗಿಯೇ ಬಿಡುತ್ತಾರೆ. ತಂಡವೆಲ್ಲ ನಗುತ್ತದೆ. ಆಂಜಿನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ, ಅದನ್ನು ಮುಚ್ಚಿಡುವ ಗೋಜಿಗೂ ಹೋಗುವುದಿಲ್ಲ.

ಸುದ್ದಿ ಕೇಳಿ ತೋಪಿನ ಯಜಮಾನ ಆವಲಪ್ಪ ಏಳು ಗಂಟೆಗೇ ಬರುತ್ತಾರೆ. ತಮ್ಮ ತೋಪಿನಲ್ಲಿ ಇಂಥದೊಂದು ಇತ್ತೆಂದು ಅವರಿಗೂ ಹೆಮ್ಮೆ. "ಆ ಎರಡು ಸಾಲು ಇರಲಿ ಬಿಡಮ್ಮ. ವೆಂಕಟರವಣಪ್ಪನಿಗೆ ನಾನು ಸಮಾಧಾನ ಹೇಳ್ತೀನಿ," ಎನ್ನುತ್ತಾರೆ. ಯಾರಾದರೂ ಕೈ ಮುಗಿದು ಒಪ್ಪುವ ಮಾತು.

ಆಂಜಿನಮ್ಮ ಕೈ ಮುಗಿಯುತ್ತಾರೆ, ಒಪ್ಪುವುದಿಲ್ಲ. "ಬೇಡಿ ಯಜಮಾನ್ರೆ. ಕಡೀತೀನಿ ಅಂತ ಮಾತು ಕೊಟ್ಟಿದೀನಿ. ಇವತ್ತು ಕಡೀದೇ ಹೋದ್ರೆ, ನಾಳೆ ಇನ್ನೊಂದು ತೋಪಲ್ಲಿ ಒಂದು ದಿನ ಸಾಲು ಬಿಡಿ ಅಂದ್ರೆ ಯಾರೂ ಬಿಡಲ್ಲ. ಈ ಅಮ್ಮ ಒಂದ್ಸಲ ಬಿಡಿಸ್ಕೊಂಡ್ರೆ ಆ ಮರ ಕೈಬಿಟ್ಟು ಹೋದಂಗೇ ಅಂತಾರೆ. ಇವು ಮೋಟಿಂದ ಮತ್ತೆ ಚಿಗುರ್ತವೆ, ಎರಡು ಮೂರು ವರ್ಷಕ್ಕೆ ಕೊಂಬೆ ಕೊಂಬೆ ಸೇರ್ತವೆ. ನನ್ನ ಮಾತು ಒಂದು ಸಲ ಬಿದ್ರೆ ಚಿಗುರಲ್ಲ."

ಹೀಗೆ ಹೇಳಿ ಬಯ್ಯಪ್ಪನ ಕೈಯಿಂದ ಕೊಡಲಿ ತೆಗೆದುಕೊಂಡು ಮೊದಲ ಏಟು ತಾವೇ ಹಾಕುತ್ತಾರೆ. ಹನ್ನೊಂದೂವರೆಗೆ ಕೊನೆಯ ಕಂಬದ ತೊಗಟೆಯೂ ಸುಲಿದಾಗಿದೆ. ಹನ್ನೆರಡಕ್ಕೆ ಬಂದ ಲಾರಿ ತುಂಬಿ, ಹಗ್ಗ ಬಿಗಿದು ನಿಂತಾಗ ಲೋಡುಗಳ ಲೆಕ್ಕ ಹದಿನೆಂಟಕ್ಕೆ ಸರಿಯಾಗಿದೆ.

ಕಾಲು ಕಟ್ಟಿದ ನಾಲ್ಕು ಕೋಳಿಯನ್ನು ಬೈಕಿನಿಂದ ಇಳಿಸುತ್ತಾ ವೆಂಕಟರವಣಪ್ಪ ಕೇಳುತ್ತಾರೆ: "ಸೋಮವಾರ ಚಿಂತಾಮಣಿ ತೋಪು ಶುರು ಮಾಡ್ತೀಯೇನಮ್ಮ?"

"ಮಾಡ್ತೀನಣ್ಣ. ಒಂದೇ ಒಂದು ಆಸೆ ಐತೆ. ಎಲ್ಲಿಂದ ಕಡೀಬೇಕು ಅನ್ನೋದು ಬಾಯಿ ಮಾತಲ್ಲಿ ಬೇಡ, ಕಾಗದದಲ್ಲಿ ಬರೀರಿ. ನಾಳೆ ನಾನಿಲ್ದಿದ್ರೂ ಅದು ಇರ್ಬೇಕು."

ವೆಂಕಟರವಣಪ್ಪ ಜೇಬಿನಿಂದ ಕರಾರು ಪತ್ರ ತೆಗೆದು, ಬೈಕಿನ ಸೀಟಿನ ಮೇಲಿಟ್ಟುಕೊಂಡು ಬರೆಯುತ್ತಾರೆ. ಬರೆದದ್ದನ್ನು ಗಟ್ಟಿಯಾಗಿ ಓದುತ್ತಾರೆ: "ಮರಗಳನ್ನು ಒಂದೇ ಕಡೆಯಿಂದ ಕಡಿಯತಕ್ಕದ್ದು. ಯಾವ ಕಡೆಯಿಂದ ಎಂಬುದನ್ನು ಮೇಸ್ತ್ರಿ ಆಂಜಿನಮ್ಮ ತೀರ್ಮಾನಿಸತಕ್ಕದ್ದು."

"ಇನ್ನೊಂದು ಸಲ ಓದಿ ಅಣ್ಣ."

ಅವರು ಇನ್ನೊಂದು ಸಲ ಓದುತ್ತಾರೆ. ಆಂಜಿನಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತು ಕೇಳಿಸಿಕೊಳ್ಳುತ್ತಾರೆ.

"ಕೂಲಿ ಪಟ್ಟೀಲಿ ನನ್ನ ಹೆಸರು ಮೂವತ್ತು ವರ್ಷದಿಂದ ಐತೆ," ಎನ್ನುತ್ತಾರೆ. "ಕರಾರಲ್ಲಿ ಬಂದಿದ್ದು ಇವತ್ತೇ."